ಮನೆಗೆ ಬಂದ ಪಾಠವು ಎಲ್ಲರಿಗೂ ತಲುಪಿತೆ?

2020ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಶಾಲೆ ಕಾಲೇಜುಗಳು ಮುಚ್ಚಿದಾಗ ಪಾಠವೇ ವಿದ್ಯಾರ್ಥಿಯ ಮನೆಯನ್ನು ಅರಸಿಕೊಂಡು ಹೊರಟಿತು. ಪಿಡುಗು ಹಿಂದೆ ಸರಿದರೂ ಆ ರೂಢಿಯು ಉಳಿದುಕೊಂಡಿತು. ಹುಬ್ಬಳ್ಳಿ-ಧಾರವಾಡದ ಅವಳಿ ನಗರಗಳಲ್ಲಿ ಇಂದು ಉಪಾಧ್ಯಾಯರ ಟಿಪ್ಪಣಿಯ ಛಾಯಾಚಿತ್ರವೊಂದು ಕ್ಷಣಮಾತ್ರದಲ್ಲಿ ತರಗತಿಯ ಎಲ್ಲ ಮೊಬೈಲುಗಳನ್ನೂ ಸೇರುವುದುಂಟು. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಂತಹವುಗಳ ಮೂಲಕ ಮನೆಯಲ್ಲಿದ್ದುಕೊಂಡೇ ಸ್ವಂತವಾಗಿ ಓದುವವರೂ ಇದ್ದಾರೆ. ಇವರಲ್ಲೊಬ್ಬನು ಅಂಧನಾಗಿದ್ದರೆ? ಟಿಪ್ಪಣಿಯೇನೋ ಅವನ ಕೈ ಸೇರಿತು, ಪಾಠವು ತಲುಪಿತೆ? ಈ ಪ್ರಶ್ನೆಗೆ ವಿಜ್ಞಾನವು ಕೊಡುವ ಉತ್ತರವನ್ನು ನೋಡೋಣ.

ಕಣ್ಣಿನ ನೆರವಿಲ್ಲದ ವಿದ್ಯಾಭ್ಯಾಸವು ನಮ್ಮ ನಾಡಿಗೆ ಹೊಸತಲ್ಲ. ನೆರೆಯ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಅವರ ತರುವಾಯ ಪುಟ್ಟರಾಜ ಗವಾಯಿಗಳೂ, ತಾವೇ ಅಂಧರಾಗಿದ್ದು, ಎಷ್ಟೋ ಅಂಧ ಬಾಲಕರನ್ನು ಸಂಗೀತ ವಿದ್ವಾಂಸರನ್ನಾಗಿ ಮಾಡಿದರು. ಸಂಗೀತವು ಕಿವಿಯ ವಿದ್ಯೆ. ಆದರೆ ಬೀಜಗಣಿತವನ್ನೂ ಭೌತಶಾಸ್ತ್ರವನ್ನೂ ಕೇವಲ ಕೇಳಿ ಕಲಿಯುವುದು ಕಠಿನ. ಸಮೀಕರಣದ ಒಂದು ಸಾಲಿಗೆ ಹತ್ತು ಸಲ ಹಿಂದಿರುಗಬೇಕಾಗುತ್ತದೆ.

ಹೀಗೆ ಹಿಂದಿರುಗಿ ಓದಬಲ್ಲ ಲಿಪಿಯನ್ನು ಅಂಧರಿಗೆ ಒದಗಿಸಿದವನು ಫ್ರಾನ್ಸಿನ ಲೂಯಿ ಬ್ರೈಲ್. ತಾನೂ ಅಂಧನಾಗಿದ್ದ ಅವನು 1824ರಲ್ಲಿ, ಹದಿನೈದರ ಪ್ರಾಯದಲ್ಲಿಯೇ, ಆರು ಉಬ್ಬುಚುಕ್ಕೆಗಳ ಲಿಪಿಯನ್ನು ರೂಪಿಸಿದನು. ಪ್ರತಿಯೊಂದು ಚುಕ್ಕೆಯೂ ಇರಬಹುದು, ಇಲ್ಲದಿರಬಹುದು. ಆದುದರಿಂದ ಆರು ಎರಡುಗಳನ್ನು ಗುಣಿಸಿದರೆ ಬರುವ 64 ವಿನ್ಯಾಸಗಳು ಅದರಲ್ಲಿ ಸಾಧ್ಯ. 1951ರಲ್ಲಿ ನಮ್ಮ ದೇಶದ ಭಾಷೆಗಳಿಗೆಂದು ಭಾರತಿ ಬ್ರೈಲ್ ಅಂಗೀಕೃತವಾಯಿತು. ಅದರಲ್ಲಿ ಕನ್ನಡದ ‘ಕ’ಕಾರಕ್ಕೂ ಹಿಂದಿಯ ‘ಕ’ಕಾರಕ್ಕೂ ಒಂದೇ ಚಿಹ್ನೆ.

ಇನ್ನು ಮೊಬೈಲಿಗೆ ಬಂದ ಪಾಠದ ವಿಚಾರ. ಪರದೆಯ ಮೇಲಿನ ಬರಹವನ್ನು ಧ್ವನಿಯಾಗಿ ಓದಿ ಹೇಳುವ ತಂತ್ರಾಂಶಕ್ಕೆ ಸ್ಕ್ರೀನ್ ರೀಡರ್ ಎಂದು ಹೆಸರು. ಆಸ್ಟ್ರೇಲಿಯದ ಅಂಧ ತರುಣ ಮೈಕೆಲ್ ಕರನ್ 2006ರಲ್ಲಿ ಆರಂಭಿಸಿದ ಎನ್‌ವಿಡಿಎ ಎಂಬುದು ಗಣಕಯಂತ್ರಕ್ಕಾಗಿ ಉಚಿತವಾಗಿ ದೊರೆಯುವ ಇಂತಹ ಒಂದು ತಂತ್ರಾಂಶ. ಅದರಿಂದ ಕನ್ನಡವನ್ನೂ ಓದಿಸಬಹುದು. ಇದು ಹೇಗೆ ಸಾಧ್ಯ? ಯೂನಿಕೋಡ್ ಪದ್ಧತಿಯಲ್ಲಿ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯನ್ನು ಗೊತ್ತುಮಾಡಿದ್ದಾರೆ. ಕನ್ನಡದ ‘ಕ’ಕಾರದ ಸಂಖ್ಯೆ 3221. ತಂತ್ರಾಂಶವು ಈ ಸಂಖ್ಯೆಯನ್ನು ಕಂಡು ತಕ್ಕ ಧ್ವನಿಯನ್ನು ಹೊರಡಿಸುತ್ತದೆ. ಅದೇ ಸಂಖ್ಯೆಯನ್ನು ಬ್ರೈಲ್ ಫಲಕಕ್ಕೆ ಕಳುಹಿಸಿದರೆ, ವಿದ್ಯುತ್ತನ್ನು ಹಾಯಿಸಿದಾಗ ಬಾಗುವ ಪೀಜೋ ಪಟ್ಟಿಗಳು ಸಣ್ಣ ಮೊಳೆಗಳನ್ನು ಮೇಲಕ್ಕೆತ್ತುತ್ತವೆ. ಬೆರಳು ಅಕ್ಷರವನ್ನು ಓದುತ್ತದೆ.

ಛಾಯಾಚಿತ್ರದಲ್ಲಿ ಈ ಸಂಖ್ಯೆಗಳಿಲ್ಲ. ಅಲ್ಲಿರುವುದು ಯಾವ ಬಿಂದು ಎಷ್ಟು ಕಪ್ಪು, ಎಷ್ಟು ಬಿಳುಪು ಎಂಬ ಲೆಕ್ಕ ಮಾತ್ರ. ಸ್ಕ್ರೀನ್ ರೀಡರು ‘ಇದೊಂದು ಚಿತ್ರ’ ಎಂದು ಹೇಳಿ ಸುಮ್ಮನಾಗಬಹುದು. ಚಿತ್ರದಿಂದ ಅಕ್ಷರಗಳನ್ನು ಗುರುತಿಸುವ ತಂತ್ರಾಂಶಗಳೂ ಬಂದಿವೆ; ಆದರೆ ಅವಸರದ ಕೈಬರಹ, ಒತ್ತಕ್ಷರ, ಘಾತಾಂಕಗಳಲ್ಲಿ ಅವು ಎಡವುತ್ತವೆ. ಯೂನಿಕೋಡಿಗೆ ಹಿಂದಿನ ಫಾಂಟುಗಳಲ್ಲಿ ಸಿದ್ಧಪಡಿಸಿದ ಬರಹದ ತೊಡಕು ಬೇರೆ ಬಗೆಯದು. ಅಲ್ಲಿ ಇಂಗ್ಲಿಷ್ ಅಕ್ಷರದ ಸಂಖ್ಯೆಗೆ ಕನ್ನಡದ ಆಕಾರವನ್ನು ತೊಡಿಸಿರುತ್ತಾರೆ. ಕಣ್ಣಿಗೆ ಅದು ಕನ್ನಡ. ಯಂತ್ರದ ಬಾಯಲ್ಲಿ ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸರಮಾಲೆ.

ಭೌತಶಾಸ್ತ್ರವನ್ನು ಬೋಧಿಸುವ ನಮಗೆ ಸೂತ್ರಗಳ ಚಿಂತೆಯೂ ಉಂಟು. ‘ಆರು ಕೂಡಿಸು ನಾಲ್ಕು ಭಾಗಿಸು ಎರಡು’ ಎಂದು ಯಂತ್ರವು ಓದಿತೆನ್ನೋಣ. ಆರು ಮತ್ತು ನಾಲ್ಕನ್ನು ಮೊದಲು ಕೂಡಿಸಿದರೆ ಉತ್ತರ 5. ನಾಲ್ಕನ್ನು ಮೊದಲು ಭಾಗಿಸಿದರೆ 8. ಕಣ್ಣುಳ್ಳವನಿಗೆ ಭಾಗಾಕಾರದ ಗೆರೆಯ ಉದ್ದವೇ ಇದನ್ನು ತಿಳಿಸಿಬಿಡುತ್ತದೆ. ಅಮೆರಿಕದ ಅಂಧ ಗಣಿತಜ್ಞ ಅಬ್ರಹಾಂ ನೆಮೆತ್ 1952ರಲ್ಲಿ ಪ್ರಕಟಿಸಿದ ಬ್ರೈಲ್ ಸಂಕೇತಗಳಲ್ಲಿ ಭಿನ್ನರಾಶಿಯ ಆದಿಯನ್ನೂ ಅಂತ್ಯವನ್ನೂ ಸೂಚಿಸುವ ಚಿಹ್ನೆಗಳಿವೆ. ಗಣಕಯಂತ್ರಕ್ಕೆ ಇದೇ ರಚನೆಯನ್ನು ತಿಳಿಸಿಕೊಡುವ ಪದ್ಧತಿಗೆ ಮ್ಯಾಥ್‌ಎಂಎಲ್ ಎನ್ನುತ್ತಾರೆ. ಇದಾವುದೂ ಇಲ್ಲದಿದ್ದಲ್ಲಿ, ‘ಭಿನ್ನರಾಶಿ ಆರಂಭ, ಅಂಶ ಆರು ಕೂಡಿಸು ನಾಲ್ಕು, ಛೇದ ಎರಡು, ಭಿನ್ನರಾಶಿ ಮುಕ್ತಾಯ’ ಎಂದು ಬರೆದರೂ ಸಂದೇಹವು ಪರಿಹಾರವಾಗುತ್ತದೆ. ಮಸೂರದ ಕಿರಣಚಿತ್ರಕ್ಕಾದರೆ ದಪ್ಪ ರಟ್ಟಿನ ಮೇಲೆ ದಾರವನ್ನು ಅಂಟಿಸಬಹುದು. ಕಿರಣವು ಬಾಗುವ ಎಡೆಯನ್ನು ಬೆರಳೇ ಕಂಡುಕೊಳ್ಳುತ್ತದೆ.

ಕಿವಿ ಕೇಳದ ವಿದ್ಯಾರ್ಥಿಯ ತೊಂದರೆ ಇದಕ್ಕೆ ವಿಪರೀತವಾದುದು. ಉಪಾಧ್ಯಾಯರು ಹಲಗೆಯತ್ತ ತಿರುಗಿ ಮಾತನಾಡಿದ ದೃಶ್ಯಪಾಠದಲ್ಲಿ ಅವನಿಗೆ ತುಟಿಗಳ ಚಲನೆಯೂ ಕಾಣದು. ಅವನಿಗೆ ಬೇಕಾದುದು ಪರದೆಯ ಕೆಳಗಿನ ಬರಹ, ಸಾಧ್ಯವಾದರೆ ಸಂಜ್ಞಾಭಾಷೆ. ಪಠ್ಯಪುಸ್ತಕಗಳನ್ನು ಭಾರತೀಯ ಸಂಜ್ಞಾಭಾಷೆಗೆ ತರಲು ಎನ್‌ಸಿಇಆರ್‌ಟಿಯು 2020ರ ಅಕ್ಟೋಬರಿನಲ್ಲಿ ಸಂಜ್ಞಾಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದೊಡನೆ ಒಪ್ಪಂದ ಮಾಡಿಕೊಂಡಿತು.

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಅಂಗವಿಕಲರ ಸಂಖ್ಯೆ ಹದಿಮೂರು ಲಕ್ಷವನ್ನು ಮೀರಿತ್ತು. ಸಮಾನವಾದ ಶಿಕ್ಷಣವು ಇವರ ಹಕ್ಕೆಂದು 2016ರ ಅಧಿನಿಯಮವು ಸಾರಿದೆ. ಆದರೆ ಅಧಿನಿಯಮವು ಟಿಪ್ಪಣಿಯನ್ನು ಬೆರಳಚ್ಚು ಮಾಡಲಾರದು. ಆ ಕೆಲಸವು ಉಪಾಧ್ಯಾಯರದು, ಸಹಪಾಠಿಗಳದು.

ವಾಚಕರು ಒಂದು ಪ್ರಯೋಗವನ್ನು ಮಾಡಿ ನೋಡಬಹುದು. ಆಂಡ್ರಾಯ್ಡ್ ಮೊಬೈಲುಗಳಲ್ಲಿ ಟಾಕ್‌ಬ್ಯಾಕ್ ಎಂಬ ಸ್ಕ್ರೀನ್ ರೀಡರು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅದನ್ನು ಚಾಲನೆಗೊಳಿಸಿ, ಕಣ್ಣು ಮುಚ್ಚಿ, ನಿನ್ನೆ ಗೆಳೆಯರಿಗೆ ಕಳುಹಿಸಿದ ಟಿಪ್ಪಣಿಯನ್ನು ಕೇಳಿರಿ. ಅದರಲ್ಲಿ ಎಷ್ಟು ಅರ್ಥವಾಯಿತೆಂದು ಕಾಗದದ ಮೇಲೆ ಬರೆದಿಡಿರಿ. ಬಳಿಕ ಅದೇ ಟಿಪ್ಪಣಿಯನ್ನು ಯೂನಿಕೋಡಿನಲ್ಲಿ ಬೆರಳಚ್ಚು ಮಾಡಿ, ಚಿತ್ರವಿದ್ದರೆ ಅದರ ವಿವರಣೆಯನ್ನು ಎರಡು ವಾಕ್ಯಗಳಲ್ಲಿ ಸೇರಿಸಿ, ಮತ್ತೊಮ್ಮೆ ಕೇಳಿರಿ. ಎರಡು ಫಲಿತಾಂಶಗಳಿಗೂ ಇರುವ ಅಂತರವು ತಾನಾಗಿ ತಿಳಿದುಬರುವುದು.