ಹೂವಾಡಗಿತ್ತಿಯೋ, ತರುಣಿಯೋ? ಬಾಜೀಲ್ ಚಿತ್ರದ ಕನ್ನಡ ಶೀರ್ಷಿಕೆ ಕುರಿತು

ಮಡಗಾಂವ್‌ನ ಮೋತಿ ಡೊಂಗರ್‌ನಿಂದ ಮಾತಾಡ್ತಾ ಇದ್ದೀನಿ. ಫ್ರೆಂಚ್ ಕಲಾವಿದ ಫ್ರೆಡೆರಿಕ್ ಬಾಜೀಲ್ 1870ರಲ್ಲಿ ಬರೆದ, ಪಿಯೋನಿ ಹೂಗಳೊಂದಿಗಿರುವ ತರುಣಿಯ ಚಿತ್ರವನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು ಅನ್ನೋದು ಇವತ್ತಿನ ಪ್ರಶ್ನೆ.

ಬಾಜೀಲ್ ಮೊನೆ ಮತ್ತು ರೆನ್ವಾರ್‌ರ ಗೆಳೆಯ. ಅದೇ 1870ರ ನವೆಂಬರ್‌ನಲ್ಲಿ ಯುದ್ಧಭೂಮಿಯಲ್ಲಿ ಸತ್ತಾಗ ಅವನಿಗೆ 28 ವರ್ಷ. ಇಂಪ್ರೆಷನಿಸ್ಟರ ಮೊದಲ ಪ್ರದರ್ಶನ ನಡೆದದ್ದು 1874ರಲ್ಲಿ. ಆ ಹೆಸರು ಹುಟ್ಟಿದ್ದನ್ನು ಅವನು ನೋಡಲೇ ಇಲ್ಲ.

ಈ ತರುಣಿಯ ಚಿತ್ರಗಳು ಎರಡಿವೆ. ವಾಷಿಂಗ್ಟನ್‌ನ ನ್ಯಾಷನಲ್ ಗ್ಯಾಲರಿಯಲ್ಲಿರುವುದರಲ್ಲಿ, ತಲೆಗೆ ವಸ್ತ್ರ ಕಟ್ಟಿದ ಕಪ್ಪು ತರುಣಿ ತೋಳಲ್ಲಿ ಹೂಬುಟ್ಟಿ ಹಿಡಿದು, ಒಂದು ಪಿಯೋನಿಯನ್ನು ನಮ್ಮ ಕಡೆ ಚಾಚಿದ್ದಾಳೆ. ಮೊಂಪೆಲಿಯೆಯ ಫಾಬ್ರ್ ಮ್ಯೂಸಿಯಂನಲ್ಲಿರುವುದರಲ್ಲಿ ಅವಳು ಹೂದಾನಿಗೆ ಹೂ ಜೋಡಿಸ್ತಿದ್ದಾಳೆ. ಗಮನವೆಲ್ಲ ಕೆಲಸದ ಮೇಲೆ. ಇವಕ್ಕಿಂತ ಮೊದಲು ಬಂದ ಮಾನೆಯ ‘ಒಲಿಂಪಿಯಾ’ದಲ್ಲಿ ಕಪ್ಪು ಸೇವಕಿ ಹೂಗುಚ್ಛ ಹಿಡಿದು ಹಿಂದೆ ನಿಂತಿದ್ದಳು. ಬಾಜೀಲ್ ಹಾಗೆ ಹಿಂದೆ ನಿಂತವಳನ್ನು ಚಿತ್ರದ ನಡುವಿಗೆ ತಂದ.

ಆದರೆ ಶೀರ್ಷಿಕೆ ಅವಳನ್ನು ಮತ್ತೆ ಹಿಂದಕ್ಕೆ ತಳ್ಳಿತು. ಬಹುಕಾಲ ಚಾಲ್ತಿಯಲ್ಲಿದ್ದದ್ದು ‘ಪಿಯೋನಿಗಳೊಂದಿಗೆ ನೀಗ್ರೋ ಹೆಂಗಸು’ ಎಂಬರ್ಥದ ಹೆಸರು. ಈಗ ವಾಷಿಂಗ್ಟನ್ ಗ್ಯಾಲರಿ ಅದನ್ನು ‘ತರುಣಿ’ ಎಂದು ಬದಲಿಸಿದೆ. 2019ರಲ್ಲಿ ಪ್ಯಾರಿಸ್‌ನ ಓರ್ಸೆ ಮ್ಯೂಸಿಯಂ ನಡೆಸಿದ ಪ್ರದರ್ಶನದಲ್ಲಿ ಇಂಥ ಕೆಲವು ಚಿತ್ರಗಳಿಗೆ ರೂಪದರ್ಶಿಯರ ಹೆಸರನ್ನೇ ಇಟ್ಟಿದ್ದರು. ‘ಒಲಿಂಪಿಯಾ’ದ ಸೇವಕಿಯಾದ ಲೋರ್ ಹಾಗೆ ಮುನ್ನೆಲೆಗೆ ಬಂದಳು. ಬಾಜೀಲ್‌ನ ತರುಣಿಯ ಹೆಸರು ಮಾತ್ರ ದಾಖಲಾಗಿಲ್ಲ.

ಕನ್ನಡದಲ್ಲಿ ನಮಗೆ ತಕ್ಷಣ ಹೊಳೆಯೋದು ‘ಹೂವಾಡಗಿತ್ತಿ’. ಚಂದದ ಪದ, ನಿಜ. ಆದರೆ ಮೊಂಪೆಲಿಯೆ ಚಿತ್ರದಲ್ಲಿ ಅವಳು ಹೂ ಮಾರ್ತಾನೇ ಇಲ್ಲ. ಜೊತೆಗೆ, ಆ ಪದ ಮುಖಕ್ಕಿಂತ ಮೊದಲು ಕಸುಬನ್ನು ತೋರಿಸುತ್ತದೆ.

ಇದು ಬರೀ ಅನುವಾದದ ತಕರಾರಲ್ಲ. ಕರ್ನಾಟಕದಿಂದ ದುಡಿಯಲು ಬಂದವರ ಮನೆಗಳು ಬಹಳ ಇರುವ ಗುಡ್ಡ ನಮ್ಮದು. ಗೋವಾದಲ್ಲಿ ನಮ್ಮಂಥವರಿಗೆ ‘ಘಾಂಟಿ’ ಅಂತಾರೆ. ಮೂಲದಲ್ಲಿ ಅದಕ್ಕೆ ಘಟ್ಟದವರು ಅನ್ನೋ ಅರ್ಥವಷ್ಟೇ. ‘ನೀಗ್ರೋ’ ಪದದ ಮೂಲಾರ್ಥವೂ ಬರೀ ‘ಕಪ್ಪು’. ಪದಕೋಶದಲ್ಲಿ ಎರಡರಲ್ಲೂ ತಪ್ಪಿಲ್ಲ. ನೋವಾಗೋದು, ಅದೊಂದೇ ಪದದಲ್ಲಿ ಇಡೀ ಮನುಷ್ಯನನ್ನು ಮುಗಿಸಿಬಿಟ್ಟಾಗ.

ಹಾಗಾಗಿ ಮೊದಲನೆಯದಕ್ಕೆ ‘ಪಿಯೋನಿ ಚಾಚಿದ ತರುಣಿ’, ಎರಡನೆಯದಕ್ಕೆ ‘ಪಿಯೋನಿ ಜೋಡಿಸುವ ತರುಣಿ’ ಎಂದು ಸೂಚಿಸುತ್ತೇನೆ. ‘ತರುಣಿ’ ಅವಳ ಹೆಸರಲ್ಲ, ಒಪ್ಪುತ್ತೇನೆ. ಆದರೆ ಹೆಸರಿನ ಜಾಗಕ್ಕೆ ಬೇರೆ ಏನನ್ನೂ ತುಂಬದೆ ಅದನ್ನು ಖಾಲಿ ಉಳಿಸುತ್ತದೆ. ಇದಕ್ಕಿಂತ ಒಳ್ಳೆಯ ಪದ ಹೊಳೆದರೆ ದಯವಿಟ್ಟು ಚರ್ಚೆಯಲ್ಲಿ ಹೇಳಿ.