ಸರ್ ಡಗ್ಲಾಸ್ ನಿಕೋಲ್ಸರು

ಕ್ರಿಕೆಟ್ಟಿನ ನೆಪದಿಂದ ಮೆಲ್ಬರ್ನ್ ನಗರದ ಹೆಸರನ್ನು ಕೇಳದ ವಾಚಕರು ವಿರಳ. ಆದರೆ ಆ ನಗರದವರು ಚಳಿಗಾಲ ಬಂದೊಡನೆ ಕ್ರಿಕೆಟ್ಟನ್ನು ಮರೆತು ಬೇರೊಂದು ಆಟದಲ್ಲಿ ತನ್ಮಯರಾಗುವರೆಂಬುದು ನಮ್ಮಲ್ಲಿ ಅಷ್ಟಾಗಿ ತಿಳಿದಿಲ್ಲ. ಅದು ಆಸ್ಟ್ರೇಲಿಯಾ ದೇಶದ್ದೇ ಆದ ಕಾಲ್ಚೆಂಡಾಟ. ಅಂಡಾಕಾರದ ವಿಶಾಲವಾದ ಬಯಲು, ಪಕ್ಷಕ್ಕೆ 18 ಮಂದಿ, ಚೆಂಡೂ ಅಂಡಾಕಾರದ್ದೇ. ಅದನ್ನು ಒದೆಯಬಹುದು, ಮುಷ್ಟಿಯಿಂದ ಗುದ್ದಿ ಸಂಗಡಿಗನಿಗೆ ಕಳುಹಿಸಬಹುದು, ಹಿಡಿದು ಓಡಬಹುದು. ಎಸೆಯುವುದು ಮಾತ್ರ ನಿಷಿದ್ಧ. ಮೈಗೆ ಮೈ ತಾಗದೆ ಈ ಆಟವು ನಡೆಯುವಂತೆಯೇ ಇಲ್ಲ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಡಗ್ಲಾಸ್ ನಿಕೋಲ್ಸರು 1906ನೆಯ ಇಸವಿ ಡಿಸೆಂಬರ್ 9ರಂದು, ಮರ್ರೇ ನದಿಯ ಬಳಿಯ ಕಮರಗಂಜ ಎಂಬ ಮೂಲನಿವಾಸಿಗಳ ನೆಲೆಯಲ್ಲಿ ಜನಿಸಿದರು. ಎಂಟು ವರ್ಷದ ಬಾಲಕರಾಗಿದ್ದಾಗ ಪೋಲೀಸಿನವರು ಬಂದು ಇವರ ಅಕ್ಕ ಹಿಲ್ಡಾಳನ್ನು ಬಲಾತ್ಕಾರದಿಂದ ಕರೆದೊಯ್ದರು. ಮೂಲನಿವಾಸಿಗಳ ಹೆಣ್ಣುಮಕ್ಕಳಿಗೆ ಮನೆಗೆಲಸ ಕಲಿಸಲೆಂದು ಸರ್ಕಾರವು ನಡೆಸುತ್ತಿದ್ದ ಶಾಲೆಗೆ ಸೇರಿಸುವುದಕ್ಕಾಗಿ. ತಮ್ಮನು ಅದನ್ನು ಕಣ್ಣಾರೆ ಕಂಡನು.

ಬೆಳೆದಮೇಲೆಯೂ ಇವರ ಎತ್ತರ 5 ಅಡಿ 2 ಅಂಗುಲವನ್ನು ಮೀರಲಿಲ್ಲ, ವೇಗವಾದರೋ ಅಸಾಧಾರಣ. 1927ರ ಸುಮಾರಿಗೆ ಮೆಲ್ಬರ್ನಿನ ಕಾರ್ಲ್ಟನ್ ತಂಡದಲ್ಲಿ ಆಡಬೇಕೆಂದು ಹೋದರು. ಆಟಗಾರರ ಮೈಗೆ ಎಣ್ಣೆ ತಿಕ್ಕುವ ಅಂಗಮರ್ದಕರು ಈ ಕಪ್ಪು ಮೈಯನ್ನು ಮುಟ್ಟಲು ಒಪ್ಪಲಿಲ್ಲ. ನಿಕೋಲ್ಸರು ಹಿಂದಿರುಗಿದರು.

ಇದನ್ನು ಓದಿ ಆ ದೂರದ ಜನರನ್ನು ನಿಂದಿಸುವುದು ಸುಲಭ. ನಾವು ಬಾಲ್ಯದಲ್ಲಿ ಓದಿದ ಹಳ್ಳಿಯ ಶಾಲೆಯಲ್ಲಿ ಕೆಲವು ಹುಡುಗರ ಬೊಗಸೆಗೆ ನೀರನ್ನು ಮೇಲಿನಿಂದಲೇ ಸುರಿಯುತ್ತಿದ್ದರು. ಸುರಿಯುವ ಸರದಿ ನಮಗೂ ಬರುತ್ತಿತ್ತು. ಅದು ತಪ್ಪೆಂದು ಆಗ ನಮಗೆ ತೋರಿರಲಿಲ್ಲ.

ಕಾರ್ಲ್ಟನ್ ಬೇಡವೆಂದವರನ್ನು ನಾರ್ತ್‌ಕೋಟ್ ತಂಡವು ಬರಮಾಡಿಕೊಂಡಿತು. 1929ರಲ್ಲಿ ಆ ತಂಡವು ತನ್ನ ಸಂಘದ ಅಗ್ರಪದವಿಯನ್ನು ಗೆದ್ದಿತು. ಅದೇ ವರ್ಷ ನಿಕೋಲ್ಸರು ಹಣದ ಪಣದ ಎರಡು ಓಟಗಳಲ್ಲಿಯೂ ಜಯಶಾಲಿಗಳಾದರು. 1932ರಲ್ಲಿ ಫಿಟ್ಜ್‌ರಾಯ್ ತಂಡವನ್ನು ಸೇರಿದಾಗ, ಉಡುಪು ಬದಲಿಸುವ ಕೋಣೆಯ ಒಂದು ಮೂಲೆಯಲ್ಲಿ ಒಬ್ಬರೇ ಕುಳಿತರಂತೆ. ಆಗ ಹೇಡನ್ ಬಂಟನ್ ಎಂಬ ಶ್ರೇಷ್ಠ ಆಟಗಾರನು ಎದ್ದುಬಂದು ಪಕ್ಕದಲ್ಲಿ ಕುಳಿತು ಸ್ನೇಹ ಬೆಳೆಸಿದನು. ಆ ಆಟದ ಅತ್ಯುನ್ನತ ಪದಕವನ್ನು ಮೂರು ಸಲ ಗಳಿಸಿದವನು ಈ ಬಂಟನ್. ನಮಗೆ ಮಾತ್ರ ಅವನ ಹೆಸರು ಆ ಪದಕಗಳಿಗಿಂತ ಈ ನಾಲ್ಕು ಹೆಜ್ಜೆಗಳಿಂದಲೇ ನೆನಪಿನಲ್ಲಿ ಉಳಿದಿದೆ. ನಿಕೋಲ್ಸರು 1937ರವರೆಗೆ ಅಲ್ಲಿ 54 ಪಂದ್ಯಗಳನ್ನಾಡಿದರು; 1935ರಲ್ಲಿ ವಿಕ್ಟೋರಿಯಾ ಪ್ರಾಂತದ ಪರವಾಗಿಯೂ ಆಡಿದರು. ಮರಳಿ ನಾರ್ತ್‌ಕೋಟಿಗೆ ಬಂದಮೇಲೆ ಮೊಣಕಾಲಿನ ನೋವು ಆಟವನ್ನು ಬಿಡಿಸಿತು.

ಮುಂದೆ ಕ್ರೈಸ್ತ ಬೋಧಕರಾಗಿ, ಪತ್ನಿ ಗ್ಲ್ಯಾಡಿಸ್ ಎಂಬಾಕೆಯೊಡನೆ, ನಗರಕ್ಕೆ ವಲಸೆ ಬಂದ ಸ್ವಜನರ ವಸತಿ, ಅನ್ನ, ಹಕ್ಕುಗಳಿಗಾಗಿ ದಶಕಗಳ ಕಾಲ ದುಡಿದರು. 1967ರ ಜನಮತಗಣನೆಯಲ್ಲಿ, ದೇಶದ ಜನಸಂಖ್ಯೆಯಲ್ಲಿ ಮೂಲನಿವಾಸಿಗಳನ್ನೂ ಎಣಿಸಬೇಕೆಂಬ ತಿದ್ದುಪಡಿಗೆ ನೂರಕ್ಕೆ 90ಕ್ಕೂ ಮಿಕ್ಕಿ ಮತಗಳು ಬಿದ್ದವು. ಅದಕ್ಕಾಗಿ ಶ್ರಮಿಸಿದವರಲ್ಲಿ ಇವರೂ ಒಬ್ಬರು. 1972ರಲ್ಲಿ 'ಸರ್' ಎಂಬ ಬಿರುದು ದೊರೆಯಿತು. 1976ರ ಡಿಸೆಂಬರ್ 1ರಂದು ದಕ್ಷಿಣ ಆಸ್ಟ್ರೇಲಿಯಾ ಪ್ರಾಂತದ ಗವರ್ನರರಾದರು. ಆ ದೇಶದ ಮೂಲನಿವಾಸಿಗಳಲ್ಲಿ ಇಂತಹ ಪದವಿಗೆ ಏರಿದವರು ಇವರೇ ಮೊದಲಿಗರು. ಅನಾರೋಗ್ಯದ ದೆಸೆಯಿಂದ ಐದೇ ತಿಂಗಳಲ್ಲಿ ಅದನ್ನು ಬಿಡಬೇಕಾಯಿತು.

2016ರಿಂದ ಆ ಕಾಲ್ಚೆಂಡಾಟದ ಒಂದು ಸುತ್ತಿಗೆ ಇವರ ಹೆಸರನ್ನಿಟ್ಟಿದ್ದಾರೆ. ಆ ಸುತ್ತಿನಲ್ಲಿ ಎಲ್ಲ ತಂಡಗಳವರೂ ಮೂಲನಿವಾಸಿಗಳ ಚಿತ್ರಕಲೆಯ ಅಂಗಿಗಳನ್ನು ತೊಟ್ಟು ಆಡುತ್ತಾರೆ, ಕಾರ್ಲ್ಟನ್ನಿನವರೂ ತೊಡುತ್ತಾರೆ. 1988ರಲ್ಲಿ ನಿಕೋಲ್ಸರು ತೀರಿಕೊಂಡಾಗ, ಅಕ್ಕನನ್ನು ಕರೆದೊಯ್ದಿದ್ದ ಆ ಕಮರಗಂಜದ ಮಣ್ಣಿನಲ್ಲಿಯೇ ಅವರನ್ನು ಸಮಾಧಿಮಾಡಿದರು.