ಹಕ್ಕಿ ನೋಡುವವರಿಗೊಂದು ದುರ್ಬೀನು

ಆನ್‌ಲೈನ್ ಮಳಿಗೆಗಳಲ್ಲಿ ತೀರಾ ಅಗ್ಗಕ್ಕೆ ಸಿಗುವ ಒಂದು ಬಗೆಯ ದುರ್ಬೀನಿದೆ. ಮೈಮೇಲೆ ದಪ್ಪಕ್ಷರದಲ್ಲಿ 30×60 ಎಂದೂ ಪಕ್ಕದಲ್ಲಿ ಸಣ್ಣದಾಗಿ 126 ಮೀಟರ್/1000 ಮೀಟರ್ ಎಂದೂ ಬರೆದಿರುತ್ತದೆ. ಮೊದಲನೆಯದರ ಪ್ರಕಾರ ಅದು ನೋಟವನ್ನು 30 ಪಟ್ಟು ಹಿಗ್ಗಿಸಬೇಕು. ಎರಡನೆಯದರ ಪ್ರಕಾರ ಒಂದು ಕಿಲೋಮೀಟರ್ ಆಚೆಗಿನ 126 ಮೀಟರ್ ಅಗಲದ ಜಾಗವನ್ನು ಒಂದೇ ಸಲಕ್ಕೆ ತೋರಿಸಬೇಕು. ಇವೆರಡೂ ಒಟ್ಟಿಗೆ ನಿಜವಾಗಲಾರವು. ಅಷ್ಟು ಅಗಲವೆಂದರೆ ಸುಮಾರು 7.2 ಡಿಗ್ರಿ ಕೋನ. ಅದನ್ನು 30ರಿಂದ ಗುಣಿಸಿದರೆ 216 ಡಿಗ್ರಿ, ಅರ್ಧವೃತ್ತಕ್ಕಿಂತ ದೊಡ್ಡದು. ಇಂಥ ನೋಟ ಕೊಡುವ ದುರ್ಬೀನು ಜಗತ್ತಿನಲ್ಲಿಲ್ಲ.

ಉಡುಗೊರೆ ಕೊಳ್ಳಲು ಹೊರಟವರು ಎಡವುವುದು ಇಲ್ಲೇ. ಹೆಚ್ಚು ಪಟ್ಟು ಹಿಗ್ಗಿಸುವುದೇ ಒಳ್ಳೆಯ ದುರ್ಬೀನು ಎಂದುಕೊಳ್ಳುತ್ತಾರೆ. ಭಾನುವಾರ ಬೆಳಗ್ಗೆ ಲಾಲ್‌ಬಾಗಿನ ಕೆರೆಯಂಚಿನಲ್ಲಿ ನಡೆದಾಡುವವರಿಗೆ, ಹಿತ್ತಲಿನ ಹೊಂಗೆ ಮರದಲ್ಲಿ ಬಂದು ಕೂತದ್ದು ಯಾವ ಹಕ್ಕಿ ಎಂದು ತಿಳಿಯುವ ಆಸೆಯಿರುವವರಿಗೆ ಬೇಕಾದದ್ದು ಬೇರೆಯೇ.

8×42 ಎಂಬ ಬರಹದಲ್ಲಿ 8 ಎಂದರೆ ಹಕ್ಕಿ ಎಂಟು ಪಟ್ಟು ಹತ್ತಿರ ಬಂದಂತೆ ಕಾಣುತ್ತದೆ ಎಂದರ್ಥ. 42 ಎಂದರೆ ಮುಂದಿನ ಮಸೂರದ ವ್ಯಾಸ, ಮಿಲಿಮೀಟರುಗಳಲ್ಲಿ. ಹಕ್ಕಿಯಷ್ಟೇ ಅಲ್ಲ, ಕೈಯ ನಡುಕವೂ ಎಂಟು ಪಟ್ಟು ಹಿಗ್ಗುತ್ತದೆ. ಎಂಟನ್ನು ಹೆಚ್ಚಿನವರ ಕೈ ತಡೆದುಕೊಳ್ಳುತ್ತದೆ. ಹತ್ತಕ್ಕೆ ಅಭ್ಯಾಸ ಬೇಕು. ಅದಕ್ಕಿಂತ ಮೇಲೆ ಹೋದರೆ ಸ್ಟ್ಯಾಂಡ್ ಇಲ್ಲದೆ ಹಕ್ಕಿಯ ಕಣ್ಣಿನ ಸುತ್ತಲ ಬಳೆಯೂ ರೆಕ್ಕೆಯ ಮೇಲಿನ ಪಟ್ಟೆಯೂ ಕಲಸಿಹೋಗುತ್ತವೆ. ರಂಗನತಿಟ್ಟಿನ ದೋಣಿಯಲ್ಲಿ ಕೂತು ಹೆಜ್ಜಾರ್ಲೆಗಳನ್ನು ನೋಡುವಾಗ ದೋಣಿಯ ಓಲಾಟವೂ ಸೇರಿಕೊಳ್ಳುವುದರಿಂದ ಎಂಟು ಪಟ್ಟಿನದೇ ಹಿತ.

ಕಡಿಮೆ ಹಿಗ್ಗಿಸುವುದರಿಂದ ಇನ್ನೊಂದು ಲಾಭವಿದೆ. 8×42 ದುರ್ಬೀನುಗಳು ಸಾಮಾನ್ಯವಾಗಿ ಒಂದು ಕಿಲೋಮೀಟರಿಗೆ 130ರಿಂದ 140 ಮೀಟರ್ ಅಗಲ ತೋರಿಸಿದರೆ, ಹತ್ತು ಪಟ್ಟಿನವುಗಳಲ್ಲಿ ಅದು 105–115ಕ್ಕೆ ಇಳಿಯುತ್ತದೆ. ಇಪ್ಪತ್ತು ಮೀಟರ್ ದೂರದ ಮರದಲ್ಲಿ ಇದರ ವ್ಯತ್ಯಾಸ ಅರ್ಧ ಮೀಟರಿನಷ್ಟು. ಚಳಿಗಾಲದಲ್ಲಿ ವಲಸೆ ಬರುವ ಉಲಿಯಕ್ಕಿಗಳು ಒಂದು ಕೊಂಬೆಯಲ್ಲಿ ಎರಡು ಕ್ಷಣ ನಿಲ್ಲುವುದಿಲ್ಲ. ಹೊಸಬರಿಗೆ ಅಂಥ ಹಕ್ಕಿಯನ್ನು ದೊಡ್ಡದಾಗಿ ಕಾಣುವುದಕ್ಕಿಂತ ಮೊದಲು ಅದನ್ನು ದುರ್ಬೀನಿನೊಳಗೆ ಹಿಡಿಯುವುದೇ ಕಷ್ಟ. ಆ ಅರ್ಧ ಮೀಟರ್ ನೆರವಿಗೆ ಬರುವುದು ಆಗಲೇ.

ಇನ್ನು ಬೆಳಕು. ಮಸೂರದ ವ್ಯಾಸವನ್ನು ಹಿಗ್ಗುವಿಕೆಯಿಂದ ಭಾಗಿಸಿದರೆ ದುರ್ಬೀನಿನಿಂದ ಹೊರಬರುವ ಬೆಳಕಿನ ಕಂಬದ ದಪ್ಪ ಸಿಗುತ್ತದೆ. 8×42ರಲ್ಲಿ ಅದು 5.25 ಮಿಲಿಮೀಟರ್, ಜೇಬಿಗಿಳಿಯುವ 10×25ರಲ್ಲಿ 2.5. ಬಿಸಿಲಿನಲ್ಲಿ ಕಣ್ಣಿನ ಪಾಪೆ ಎರಡು-ಮೂರು ಮಿಲಿಮೀಟರಿಗೆ ಕುಗ್ಗಿರುವುದರಿಂದ ಮಧ್ಯಾಹ್ನದ ಬಯಲಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಬೆಳಕು ಕೊಡುತ್ತವೆ. ಆದರೆ ಹಕ್ಕಿಗಳು ಚುರುಕಾಗಿರುವುದು ನಸುಕಿನಲ್ಲಿ, ಸಂಜೆಯಲ್ಲಿ. ಮಲೆನಾಡಿನ ಕಾಡಿನೊಳಗಂತೂ ಹತ್ತು ಗಂಟೆಗೂ ಮಬ್ಬು. ಆಗ ಪಾಪೆ ಅಗಲವಾಗಿ ತೆರೆದಿದ್ದರೂ ಸಣ್ಣ ದುರ್ಬೀನು ಅದಕ್ಕೆ ತಕ್ಕಷ್ಟು ಬೆಳಕು ತುಂಬಲಾರದು. ತೂಕ ಹೊರಲಾಗದ ಹಿರಿಯರಿಗೆ 8×32 ಒಳ್ಳೆಯ ನಡುದಾರಿ: ಅದರಲ್ಲಿ ನಾಲ್ಕು ಮಿಲಿಮೀಟರ್ ಸಿಗುತ್ತದೆ, ಕುತ್ತಿಗೆಗೂ ಹಗುರ.

ಬೆಳಕು ಒಳಗೇ ಸೋರಿಹೋಗುವುದೂ ಉಂಟು. ಲೇಪವಿಲ್ಲದ ಗಾಜಿನ ಒಂದೊಂದು ಮೈಯೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇ. 4ರಷ್ಟನ್ನು ಹಿಂದಕ್ಕೆ ಎಸೆಯುತ್ತದೆ. ಇಂಥ ಹತ್ತು ಮೈಗಳನ್ನು ದಾಟುವಷ್ಟರಲ್ಲಿ ಮೂರನೇ ಒಂದು ಭಾಗ ಕಳೆದುಹೋಗುತ್ತದೆ. 1935ರಲ್ಲಿ ಝೈಸ್ ಕಂಪನಿಯಲ್ಲಿದ್ದ ಅಲೆಕ್ಸಾಂಡರ್ ಸ್ಮಕುಲಾ ಇದಕ್ಕೆ ಮದ್ದು ಕಂಡುಹಿಡಿದರು: ಗಾಜಿನ ಮೇಲೆ ಬೆಳಕಿನ ತರಂಗಾಂತರದ ಕಾಲುಭಾಗದಷ್ಟು ತೆಳುವಾದ ಲೇಪ. ಈಗಿನ ಬಹುಪದರದ ಲೇಪಗಳು ಪ್ರತಿ ಮೈಯ ನಷ್ಟವನ್ನು ಶೇ. ಅರ್ಧಕ್ಕೂ ಕೆಳಗಿಳಿಸುತ್ತವೆ. ಪೆಟ್ಟಿಗೆಯ ಮೇಲೆ ‘ಫುಲ್ಲಿ ಮಲ್ಟಿಕೋಟೆಡ್’ ಎಂದಿದೆಯೇ ನೋಡಬೇಕು. ಕೆಂಪಗೆ ಹೊಳೆಯುವ ಮಸೂರ ಕಣ್ಣಿಗೆ ಚಂದ ಕಂಡರೂ ಅದು ಕೆಂಪು ಬೆಳಕನ್ನು ಹೊರಗೆ ಚೆಲ್ಲುತ್ತಿದೆ ಎಂದೇ ಅರ್ಥ. ಕೆಮ್ಮೀಸೆ ಪಿಕಳಾರದ ಕೆನ್ನೆಯ ಕೆಂಪು ಅದರಲ್ಲಿ ಸಪ್ಪೆಯಾಗುತ್ತದೆ.

ಒಳಗಿನ ಪ್ರಿಸಮ್‌ಗಳಲ್ಲಿ ಎರಡು ಬಗೆ. ಇಟಲಿಯ ಇಗ್ನಾಜಿಯೊ ಪೊರೊ 1854ರಲ್ಲಿ ಪೇಟೆಂಟ್ ಪಡೆದ ಜೋಡಣೆಯಲ್ಲಿ ಕೊಳವೆ ಅಂಕುಡೊಂಕಾಗಿ, ಭುಜ ಎತ್ತಿದಂತೆ ಇರುತ್ತದೆ. ನೇರ ಕೊಳವೆಯದು ರೂಫ್ ಪ್ರಿಸಮ್. ರೂಫ್ ಬಗೆಯನ್ನು ಬಹಳ ನಿಖರವಾಗಿ ಕಡೆಯಬೇಕು, ಕನ್ನಡಿ ಲೇಪ ಮತ್ತಿತರ ಹೆಚ್ಚಿನ ಲೇಪಗಳನ್ನೂ ಕೊಡಬೇಕು. ಪೊರೊ ಇವನ್ನು ಬೇಡುವುದಿಲ್ಲ. ಹಾಗಾಗಿ ಕಡಿಮೆ ಬೆಲೆಗೆ ಹೆಚ್ಚು ಸ್ಪಷ್ಟ ಚಿತ್ರ ಕೊಡುವುದು ಪೊರೊ. ಆದರೆ ಅದರೊಳಗೆ ತೇವ ನುಗ್ಗುವುದು ಸುಲಭ, ತೀರಾ ಹತ್ತಿರದ್ದನ್ನು ತೋರಿಸುವುದರಲ್ಲೂ ಅದು ಹಿಂದೆ.

ಎರಡು ಮಾದರಿಗಳನ್ನು ಪಕ್ಕಪಕ್ಕ ಇಟ್ಟರೆ ಇದು ತಿಳಿಯುತ್ತದೆ. ನಿಕಾನ್ ಆಕ್ಯುಲಾನ್ 8×42 ಪೊರೊ ಬಗೆಯದು; 140 ಮೀಟರ್ ಅಗಲದ ನೋಟ, 755 ಗ್ರಾಂ ತೂಕ, ಆದರೆ ಐದು ಮೀಟರಿಗಿಂತ ಹತ್ತಿರದ್ದು ಮಸುಕು. ಸೆಲೆಸ್ಟ್ರಾನ್ ನೇಚರ್ ಡಿಎಕ್ಸ್ 8×42 ರೂಫ್ ಬಗೆಯದು. ನೋಟದ ಅಗಲ ಸ್ವಲ್ಪ ಕಡಿಮೆ, ತೂಕ ಸುಮಾರು 630 ಗ್ರಾಂ, ನೀರು ನುಗ್ಗದಂತೆ ಬಿಗಿಯಾಗಿ ಮುಚ್ಚಿ, ಒಳಗೆ ಮಂಜು ಕಟ್ಟದಂತೆ ನೈಟ್ರೋಜನ್ ತುಂಬಿರುತ್ತದೆ, ಎರಡು ಮೀಟರ್ ದೂರದ ದಾಸವಾಳಕ್ಕೆ ಬಂದ ಸೂರಕ್ಕಿಯನ್ನೂ ಚೊಕ್ಕಟವಾಗಿ ತೋರಿಸುತ್ತದೆ. ಬಯಲುಸೀಮೆಯ ಕೆರೆದಂಡೆಗಳಲ್ಲಿ ಓಡಾಡುವವರಿಗೆ ಮೊದಲನೆಯದು ಸಾಕು. ತೀರ್ಥಹಳ್ಳಿ, ಶಿರಸಿ ಕಡೆಯವರಿಗೆ ಕೊಡುವುದಾದರೆ ಸ್ವಲ್ಪ ಹೆಚ್ಚು ಖರ್ಚಾದರೂ ನೀರು ತಡೆಯುವ ದುರ್ಬೀನೇ ಸರಿ. ಅಲ್ಲಿನ ಮಳೆಗಾಲದಲ್ಲಿ ಮಸೂರದ ಮೇಲೆ ಬೂಷ್ಟು ಹಿಡಿಯುವುದು ದುರ್ಬೀನಿನ ದೊಡ್ಡ ಶತ್ರು. ಜೊತೆಗೊಂದು ಗಾಳಿಯಾಡದ ಡಬ್ಬಿ, ಒಂದಷ್ಟು ಸಿಲಿಕಾ ಜೆಲ್ ಪೊಟ್ಟಣ ಕೊಟ್ಟರೆ ಅದು ವರ್ಷಗಟ್ಟಲೆ ಬಾಳುತ್ತದೆ.

ಉಡುಗೊರೆ ಪಡೆಯುವವರು ಕನ್ನಡಕ ಹಾಕುತ್ತಾರೆಯೇ? ಹಾಗಿದ್ದರೆ ‘ಐ ರಿಲೀಫ್’ ಎಂಬ ಅಂಕಿ 15 ಮಿಲಿಮೀಟರಿಗಿಂತ ಹೆಚ್ಚಿರಲಿ. ಕಣ್ಣನ್ನು ಮಸೂರದಿಂದ ಹೆಚ್ಚೆಂದರೆ ಎಷ್ಟು ದೂರ ಇಟ್ಟರೆ ಪೂರ್ತಿ ನೋಟ ಸಿಗುತ್ತದೆ ಎಂಬುದನ್ನು ಅದು ಹೇಳುತ್ತದೆ. ಆಕ್ಯುಲಾನಿನಲ್ಲಿ ಅದು 12 ಮಾತ್ರ. ಕನ್ನಡಕದವರಿಗೆ ಚಿತ್ರದ ಅಂಚು ಕತ್ತರಿಸಿದಂತಾಗುತ್ತದೆ.

ಅಂಗಡಿಯಲ್ಲಿ ಎರಡು ಪರೀಕ್ಷೆ ಮಾಡಿದರೆ ಸಾಕು. ದುರ್ಬೀನನ್ನು ಕೈಚಾಚಿ ಆಕಾಶದ ಕಡೆ ಹಿಡಿದಾಗ ಕಣ್ಣಿನ ಕಡೆಯ ಮಸೂರದಲ್ಲಿ ಕಾಣುವ ಬೆಳಕಿನ ಬೊಟ್ಟು ದುಂಡಗಿರಬೇಕು. ಅಂಚು ಚೌಕಾಗಿ ಬೂದುಬಣ್ಣ ಕಂಡರೆ ಪ್ರಿಸಮ್‌ನ ಗಾಜು ಕಡಿಮೆ ದರ್ಜೆಯದು. ಆಮೇಲೆ ದೂರದ ವಿದ್ಯುತ್ ತಂತಿಯನ್ನು ನೋಡಿ. ಒಂದು ತಂತಿ ಎರಡಾಗಿ ಕಂಡರೆ ಎರಡು ಕೊಳವೆಗಳ ಜೋಡಣೆ ತಪ್ಪಿದೆ. ಅಂಥದ್ದರಲ್ಲಿ ಹತ್ತು ನಿಮಿಷ ನೋಡಿದರೆ ತಲೆನೋವು ಬರುತ್ತದೆ, ಖಂಡಿತ ಬೇಡ.

ಕೊಟ್ಟ ದಿನವೇ ಅವರ ಕಣ್ಣಿಗೆ ಹೊಂದಿಸಿಯೂ ಕೊಡಿ. ಬಲಗಡೆಯ ಮಸೂರ ಮುಚ್ಚಿ ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಚಿತ್ರ ಸ್ಪಷ್ಟ ಮಾಡಿಕೊಳ್ಳಲಿ. ನಂತರ ಎಡಗಡೆ ಮುಚ್ಚಿ, ಹೆಚ್ಚಿನ ದುರ್ಬೀನುಗಳಲ್ಲಿ ಬಲಗಣ್ಣಿನ ಬಳಿಯೇ ಇರುವ ಉಂಗುರದಿಂದ ಅದೇ ವಸ್ತುವನ್ನು ಸ್ಪಷ್ಟ ಮಾಡಿಕೊಳ್ಳಲಿ. ಆ ಉಂಗುರವನ್ನು ಮತ್ತೆ ಮುಟ್ಟಬೇಕಾಗಿಲ್ಲ. ಅಲ್ಲಿಂದ ಮುಂದೆ ನಡುವಿನ ಚಕ್ರವೊಂದೇ ಸಾಕು.